ಹುಚ್ಚಿನ ತವರುಮನೆ

ತಪ್ಪೆಲ್ಲ ಚಿಕ್ಕಬೋರಮ್ಮನ ಬಾಯಿಯದು. ಅದನ್ನು ಅವಳೇ ಆಮೇಲೆ ಹತ್ತು ಜನರೆದುರು ಒಪ್ಪಿಕೊಂಡಳು, ಹಾಗಾಗಿ ನಾವು ಹೇಳಿದರೆ ಚಾಡಿ ಹೇಳಿದಂತೇನೂ ಆಗುವುದಿಲ್ಲ.

ಚಿಕ್ಕಾಲದೊಡ್ಡಿ ಮದ್ದೂರಿಗೆ ಎರಡು ಹರಿದಾರಿ ದೂರದ ಊರು. ನಾಲೆಗೆ ನೀರು ಬಂದು ಹತ್ತು ಹನ್ನೆರಡು ವರ್ಷವಾಗಿತ್ತು, ಎತ್ತ ನೋಡಿದರೂ ಕಬ್ಬು. ಕಬ್ಬಿನ ಗಾಡಿಗಳು ಸಾಲುಗಟ್ಟಿ ಮಂಡ್ಯದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಊರಿನ ಮೊದಲನೆಯ ಮನೆ ಚಿಕ್ಕಬೋರಮ್ಮನದು. ಐವತ್ತು ದಾಟಿದ ಹೆಂಗಸು. ಗಂಡ ಹೋಗಿ ಆರು ವರ್ಷ, ಒಬ್ಬಳೇ ಮಗಳನ್ನು ಮಳವಳ್ಳಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದದ್ದು ಎರಡು ಎಮ್ಮೆ ಮತ್ತು ಬೂದ. ಬೂದ ಅಂದರೆ ನಾಯಿ. ಆಲೆಮನೆಯ ಒಲೆ ಆರಿದ ಮೇಲೆ ಬೆಚ್ಚನೆಯ ಬೂದಿಯಲ್ಲಿ ಮಲಗಿದ್ದ ಮರಿಯನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಎಷ್ಟು ತೊಳೆದರೂ ಬಣ್ಣ ಬಿಡಲಿಲ್ಲ, ಅದರ ಬಣ್ಣವೇ ಅದೆಂದು ಗೊತ್ತಾದ ಮೇಲೆ ಹೆಸರೂ ಅದೇ ನಿಂತಿತು. ಗಂಡ ಹೋದ ಮೊದಲ ವರ್ಷ ಆ ಮನೆಯಲ್ಲಿ ಅವಳ ಮಾತು ಕೇಳಿಸಿಕೊಂಡದ್ದು ಬೂದ ಒಂದೇ, ಅದೂ ಎದುರಾಡದೆ.

ಜರ್ಮನಿ ಯುದ್ಧದ ಕಾಲ ಅದು. ಸರ್ಕಾರಕ್ಕೆ ಪಟ್ಟಿ ಬರೆಯುವ ಚಟ ಹತ್ತಿತ್ತು. ಭತ್ತ ಎಷ್ಟು, ರಾಗಿ ಎಷ್ಟು, ಗಾಡಿ ಎಷ್ಟು, ಎತ್ತು ಎಷ್ಟು ಅಂತ ಬರೆದುಕೊಂಡು ಹೋಗುವರು. ಬರೆದ ಹದಿನೈದು ದಿನಕ್ಕೆ ಇನ್ಯಾರೋ ಬಂದು ಅದರಲ್ಲಿ ಒಂದು ಪಾಲು ಎತ್ತಿಕೊಂಡು ಹೋಗುವರು. ದಸರೆ ಮುಗಿದ ವಾರ ಶಾನುಭೋಗರು ಹೊಸದೊಂದು ಪಟ್ಟಿ ಹಿಡಿದು ಚಿಕ್ಕಬೋರಮ್ಮನ ಜಗಲಿಯ ಮೇಲೆ ಕೂತು, ಈ ಮನೆಯಲ್ಲಿ ನಾಯಿ ಎಷ್ಟು ಎಂದು ಕೇಳಿದರು. ದಂಡಿಗೆ ನಾಯಿಗಳೂ ಬೇಕಂತೆ, ಹಿಡಿದುಕೊಂಡು ಹೋಗಿ ಫಿರಂಗಿಯ ಮುಂದೆ ಓಡಿಸುತ್ತಾರಂತೆ ಎಂದು ಮದ್ದೂರಿನ ಸಂತೆಯಲ್ಲಿ ಅದೇ ವಾರ ಯಾರೋ ಪುಣ್ಯಾತ್ಮರು ಹೇಳಿದ್ದರು.

“ನಾಯಿಯಾ? ನಮ್ಮನೇಲಿ ಯಾವ ನಾಯಿ ಅದೆ ಸ್ವಾಮಿ?” ಎಂದಳು ಚಿಕ್ಕಬೋರಮ್ಮ. ಆ ಹೊತ್ತಿಗೆ ಸರಿಯಾಗಿ ಬೂದ ಅವಳ ಎರಡು ಪಾದಗಳ ಮೇಲೂ ಅಡ್ಡ ಬಿದ್ದುಕೊಂಡು ಶಾನುಭೋಗರ ಕಡೆ ಬಾಲ ಅಲ್ಲಾಡಿಸುತ್ತಿತ್ತು. ಶಾನುಭೋಗರು ಅದನ್ನು ಲೇಖಣಿಯಿಂದ ತೋರಿಸಿದರು. ಅದಾ, ಅದು ಊರುನಾಯಿ, ಬರುತ್ತದೆ ಹೋಗುತ್ತದೆ, ಯಾರದೋ ಏನೋ ಎಂದು ಅವಳು ಮುಖ ತಿರುಗಿಸಿದಳು.

ಈ ಉತ್ತರ ಶಾನುಭೋಗರಿಗಿಂತ ಮೊದಲೇ ಎರಡನೆಯ ಮನೆ ಮುಟ್ಟಿತು. ಅಲ್ಲಿಂದ ಮುಂದೆ ಕೇಳಬೇಕೆ? ಊರಿಗೆ ಊರೇ ನಾಯಿಯನ್ನು ಕಂಡೇ ಇಲ್ಲದವರಂತೆ ಮಾತಾಡಿತು. ಪಟೇಲ ಮುದ್ದಯ್ಯನವರ ನಾಯಿ ರಾಜನ ಕೊರಳಲ್ಲಿ ಹಿತ್ತಾಳೆ ಬಿಲ್ಲೆಯ ಪಟ್ಟಿ ಇತ್ತು. ಅದೂ ತಮ್ಮದಲ್ಲ, ಯಾರೋ ಕಟ್ಟಿರಬೇಕು ಎಂದು ಪಟೇಲರು ಮೀಸೆ ಮೇಲೆ ಕೈಯಿಟ್ಟು ಹೇಳಿದರು. ಕೊನೆಗೆ ಶಾನುಭೋಗರು ತಮ್ಮ ಮನೆಯ ಕರಿಯನನ್ನೂ ಅದೇ ಗುಂಪಿಗೆ ಸೇರಿಸಿ ಪಟ್ಟಿ ಮುಗಿಸಿದರು: ಚಿಕ್ಕಾಲದೊಡ್ಡಿಯಲ್ಲಿ ನಾಯಿಗಳು ನಲವತ್ಮೂರು, ವಾರಸುದಾರರು ಯಾರೂ ಇಲ್ಲ. ಪಟ್ಟಿ ಮದ್ದೂರಿನ ಕಚೇರಿಗೆ ಹೋಯಿತು. ದಂಡಿನವರು ಯಾರೂ ಬರಲಿಲ್ಲ. ಚಿಕ್ಕಬೋರಮ್ಮ ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು.

ದೀಪಾವಳಿಯ ಮಾರನೆಯ ದಿನ ಪಟೇಲ ಮುದ್ದಯ್ಯನವರನ್ನು ಹುಚ್ಚುನರಿ ಕಚ್ಚಿತು. ಹಾಗೆಂದು ಅವರೇ ಹೇಳಿದರು. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ಬಗ್ಗಿ ನಡೆಯುತ್ತ ಊರಿಗೆ ಬಂದರು. ಅದೇ ಸಮಯಕ್ಕೆ ರಾಜನೂ ಕಾಣದಾಯಿತು. ಕಾರ್ಖಾನೆಯ ಅಂಗಳದಲ್ಲಿ ಕಾಕಂಬಿ ಕುಡಿದು ಹೊಟ್ಟೆ ಕೆಟ್ಟು ಸತ್ತಿತು ಎಂದು ಪಟೇಲರ ಮನೆಯಿಂದ ಸುದ್ದಿ ಬಂತು. ಯಾರೂ ಹೆಚ್ಚು ವಿಚಾರಿಸಲಿಲ್ಲ.

ಅದಾಗಿ ಒಂದು ತಿಂಗಳಿಗೆ ಹಾಡುಹಗಲಿನಲ್ಲಿ ನರಿಯೊಂದು ತೂರಾಡುತ್ತ ಕಬ್ಬಿನ ಗದ್ದೆಯಿಂದ ನೆರೆಮನೆಯ ಬೆಳ್ಳಮ್ಮನ ಹಿತ್ತಲಿಗೆ ಬಂದು ಕರುವಿನ ಮೂತಿಗೆ ಬಾಯಿ ಹಾಕಿತು. ಜನ ಬಡಿದು ಕೊಂದರು. ಸಂಕ್ರಾಂತಿ ಕಳೆದ ಮೂರನೆಯ ದಿನ ಆ ಕರುವಿಗೆ ಹುಚ್ಚು ಹಿಡಿದು, ಕೊಟ್ಟಿಗೆಯ ಗೊಂತಿಗೆ ತಲೆ ಚಚ್ಚಿಕೊಂಡು ಸತ್ತಿತು. ಮದ್ದೂರಿನಿಂದ ದನದ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ಚಲುವರಾಜು ಅಂತ ಹೆಸರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಮುಖದವರು, ಕನ್ನಡಕ ಬೇರೆ. ಕರುವನ್ನು ನೋಡಿ, ಸುಣ್ಣ ಹಾಕಿ ಆಳವಾಗಿ ಹೂಳಿಸಿ, ಕೈತೊಳೆದುಕೊಂಡು, ಅರಳಿಕಟ್ಟೆಯ ಹತ್ತಿರ ನಿಂತು ಒಂದು ಹುಕುಂ ಓದಿದರು. ಹುಚ್ಚು ಕಂಡುಬಂದ ಊರಿನಲ್ಲಿ ವಾರಸುದಾರರಿಲ್ಲದ ನಾಯಿಗಳನ್ನೆಲ್ಲ ಗುಂಡಿಟ್ಟು ಕೊಲ್ಲತಕ್ಕದ್ದು. ಬರುವ ಸೋಮವಾರ ಇಬ್ಬರು ಬಂದೂಕಿನವರು ಬರುತ್ತಾರೆ.

ಚಿಕ್ಕಬೋರಮ್ಮ ಅಲ್ಲಿ ನಿಲ್ಲಲಿಲ್ಲ. ಬಿರಬಿರನೆ ಶಾನುಭೋಗರ ಮನೆಗೆ ಹೋಗಿ, ಬೂದ ನನ್ನದೇ ಸ್ವಾಮಿ, ಅವತ್ತು ಮರೆತಿದ್ದೆ, ಪಟ್ಟಿಯಲ್ಲಿ ತಿದ್ದಿ ಎಂದು ಅಂಗಲಾಚಿದಳು. ಅವರು ಆಗುವುದಿಲ್ಲವೆಂದು ಕೈಯಾಡಿಸಿಬಿಟ್ಟರು. ಪಟ್ಟಿ ಕಚೇರಿ ಸೇರಿ ಮೂರು ತಿಂಗಳಾಯಿತು. ಊರಿಗೆ ಊರೇ ಸುಳ್ಳು ಬರೆಸಿತು, ನಾನೂ ಬರೆದೆ ಎಂದು ಹೇಳಿದರೆ ನನ್ನ ಕೆಲಸಕ್ಕೇ ಸಂಚಕಾರ ಎಂದರು. ಹೇಳುವಾಗ ಅವರ ಕಣ್ಣು ಬಾಗಿಲಲ್ಲಿ ಮಲಗಿದ್ದ ಕರಿಯನ ಮೇಲಿತ್ತು, ಮುಖ ಹುಳ್ಳಗಾಗಿತ್ತು.

ವಾಪಸು ಬರುವಾಗ ಡಾಕ್ಟರು ಅವಳ ಮನೆಯ ಮುಂದೆಯೇ ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು. ಚಿಕ್ಕಬೋರಮ್ಮ ಬಿಡುವವಳೇ? ಒಂದು ಚೊಂಬು ಮಜ್ಜಿಗೆ ಕೊಟ್ಟು ಜಗಲಿಯ ಮೇಲೆ ಕೂರಿಸಿದಳು. ಪಟೇಲರನ್ನು ಕಚ್ಚಿದ್ದು ನರಿ, ಕರುವನ್ನು ಕಚ್ಚಿದ್ದು ನರಿ, ಕಬ್ಬಿನ ತುಂಬ ನರಿ, ಹಾಗಿದ್ದ ಮೇಲೆ ನಾಯಿಗೆ ಯಾಕೆ ಗುಂಡು ಎಂದು ನೇರವಾಗಿ ಕೇಳಿದಳು. ಡಾಕ್ಟರು ಮಜ್ಜಿಗೆ ಕೆಳಗಿಟ್ಟರು. ಇಷ್ಟು ದಿನದಲ್ಲಿ ಅವರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

“ನೋಡಿಯಮ್ಮ, ಈ ರೋಗ ಹಸುವಿಗೂ ಬರುತ್ತೆ, ನರಿಗೂ ಬರುತ್ತೆ, ಮನುಷ್ಯರಿಗೂ ಬರುತ್ತೆ. ಆದರೆ ಎಲ್ಲ ಕಡೆಯೂ ಉಳಿಯೋದಿಲ್ಲ. ಕೆಲವು ಪ್ರಾಣಿಗೆ ಬಂದು ಅಲ್ಲಿಗೇ ಮುಗಿದುಹೋಗುತ್ತೆ. ಯಾವುದೋ ಒಂದು ಪ್ರಾಣಿಯಲ್ಲಿ ಮಾತ್ರ ಒಂದರಿಂದ ಒಂದಕ್ಕೆ ಹತ್ತಿಕೊಂಡು ವರ್ಷಾನುಗಟ್ಟಲೆ ಬದುಕಿರುತ್ತೆ. ಅದು ಯಾವುದು ಅಂತ ಮೊದಲು ಗೊತ್ತಾಗಬೇಕು.”

“ಅಂದ್ರೆ ಅದರ ತವರುಮನೆ ಯಾವ್ದು, ನೆಂಟ್ರ ಮನೆ ಯಾವ್ದು ಅಂತ.”

ಡಾಕ್ಟರು ನಕ್ಕುಬಿಟ್ಟರು. ನಮ್ಮ ಮೇಷ್ಟರು ಎರಡು ವರ್ಷ ಹೇಳಿಕೊಟ್ಟರೂ ಇಷ್ಟು ಸಲೀಸಾಗಿ ಹೇಳಲಿಲ್ಲ ಎಂದರು. ರೋಗದ ತವರು ನರಿಗಳಲ್ಲೇ ಎಂದಾದರೆ ಊರಿನ ನಾಯಿಗಳನ್ನೆಲ್ಲ ಕೊಂದೂ ಪ್ರಯೋಜನವಿಲ್ಲ, ಮತ್ತೆ ಕಬ್ಬಿನಿಂದ ಎದ್ದು ಬರುತ್ತದೆ, ಹಾಗೆಂದು ಅಮಲ್ದಾರರಿಗೆ ತಾವೇ ಬರೆದು ಹುಕುಂ ನಿಲ್ಲಿಸಲು ಕೇಳುವುದಾಗಿ ಮಾತು ಕೊಟ್ಟರು. ಆದರೆ ಗಟ್ಟಿ ಸಾಕ್ಷಿ ಬೇಕು, ಸೋಮವಾರದೊಳಗೆ ಬೇಕು. ತವರು ನಾಯಿಗಳದ್ದೇ ಆದರೆ ಬೇರೆ ದಾರಿಯಿಲ್ಲ. ಸಾಕಿದ ನಾಯಿಗಳಾಗಿದ್ದರೆ ರೋಗ ಬರದಂತೆ ಹಾಕುವ ಸೂಜಿಮದ್ದು ಇದೆ, ಐವತ್ತು ನಾಯಿಗೆ ಆಗುವಷ್ಟು ಮದ್ದು ಮದ್ದೂರಿನಲ್ಲಿ ಪೆಟ್ಟಿಗೆಯಲ್ಲೇ ಕೂತಿದೆ, ಯಾರೂ ಇಲ್ಲದ ನಾಯಿಯನ್ನು ಹಿಡಿದುಕೊಳ್ಳುವವರು ಯಾರು ಎಂದು ನಿಟ್ಟುಸಿರು ಬಿಟ್ಟು ಸೈಕಲ್ಲು ಹತ್ತಿದರು. ಈ ಕೊನೆಯ ಮಾತು ಚಿಕ್ಕಬೋರಮ್ಮನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಅವಳ ತಲೆಯ ತುಂಬ ನರಿಯೇ ತುಂಬಿಕೊಂಡಿತ್ತು. ನರಿಯ ಮೇಲೆ ತಪ್ಪು ಹೊರಿಸಿದರೆ ಬೂದ ಉಳಿಯಿತು. ಅಷ್ಟೇ ತಾನೇ?

ಮಾರನೆಯ ದಿನವೇ ಪಟೇಲರ ಮನೆಗೆ ಹೋದಳು. ಪಟೇಲರು ಆ ನರಿಯ ಕಥೆಯನ್ನು ಇಷ್ಟರಲ್ಲಿ ನೂರು ಸಲ ಹೇಳಿದ್ದರು, ಹೇಳಿದ ಹಾಗೆಲ್ಲ ನರಿ ಬೆಳೆಯುತ್ತಿತ್ತು. ಮೊದಲು ಬೆಕ್ಕಿಗಿಂತ ಒಂದಿಷ್ಟು ದೊಡ್ಡದಿದ್ದದ್ದು ಈಗ ಮೇಕೆಹೋತದಷ್ಟಾಗಿತ್ತು. ನಾಲೆಯ ತೂಬಿನ ಹತ್ತಿರ ಅಡ್ಡಗಟ್ಟಿತಂತೆ, ಇವರು ಅದರ ಕಿವಿ ಹಿಡಿದು ತಿರುವಿದರಂತೆ, ಅದು ಮೀನಖಂಡಕ್ಕೆ ಬಾಯಿ ಹಾಕಿತಂತೆ. ಸೋಮವಾರ ಡಾಕ್ಟರ ಮುಂದೆ ಹೀಗೇ ಹೇಳಬೇಕು ಎಂದಾಗ ಮಾತ್ರ ಪಟೇಲರು ಯಾಕೋ ಗಂಟಲು ಸರಿಮಾಡಿಕೊಂಡು, ಹೇಳೋಣ, ಅದಕ್ಕೇನಂತೆ ಎಂದರು.

ಒಂದಕ್ಕೆ ಎರಡು ಸಾಕ್ಷಿಯಿದ್ದರೆ ಒಳ್ಳೆಯದು. ನರಿಯ ವಿಷಯದಲ್ಲಿ ಕಬ್ಬಿನ ಕಾವಲಿನ ಕರಿಸಿದ್ದಯ್ಯನಿಗಿಂತ ತಿಳಿದವರು ಯಾರಿದ್ದಾರೆ? ನಾಲೆಗೆ ನೀರು ಬಿಟ್ಟಾಗಿನಿಂದ ಅವನ ವಾಸ ತೂಬಿನ ಪಕ್ಕದ ಅಟ್ಟಣೆಯ ಮೇಲೆ. ಭಾನುವಾರ ಮಧ್ಯಾಹ್ನ ಚಿಕ್ಕಬೋರಮ್ಮ ಬಿಸಿ ಮುದ್ದೆ, ಹಿತಕಿದ ಅವರೆಬೇಳೆಯ ಸಾರು ಹೊತ್ತುಕೊಂಡು ಅಲ್ಲಿಗೆ ಹೋದಳು. ಬೂದ ಮುಂದೆ ಮುಂದೆ ಓಡಿತು. ಡಾಕ್ಟರು ಹೇಳಿದ ತವರುಮನೆಯ ಮಾತನ್ನೂ, ಪಟೇಲರು ಹೇಳಿದ ನರಿಯ ಕಥೆಯನ್ನೂ ಅವಳು ವಿವರವಾಗಿ ಹೇಳುತ್ತಿದ್ದರೆ ಕರಿಸಿದ್ದಯ್ಯ ಮೊದಲು ಮುಸಿಮುಸಿ ನಕ್ಕ, ಆಮೇಲೆ ಅಟ್ಟಣೆ ಅಲ್ಲಾಡುವಂತೆ ನಕ್ಕ, ನೆತ್ತಿಗೆ ಹತ್ತಿ ಕೆಮ್ಮಿದ.

“ಬೋರಕ್ಕ, ಪಟೇಲ್ರನ್ನ ಕಚ್ಚಿದ್ದು ನರಿಯಲ್ಲ ಕಣಕ್ಕ. ಅವ್ರ ರಾಜನೇ ಕಚ್ಚಿದ್ದು. ಇಲ್ಲೇ ಕುಂತು ಕಣ್ಣಾರ ಕಂಡಿವ್ನಿ.”

ಆಮೇಲೆ ನಡೆದದ್ದನ್ನೆಲ್ಲ ಹೇಳಿದ. ರಾಜ ಪ್ರತಿಸಲ ಪಟೇಲರ ಗಾಡಿಯ ಅಡಿಯಲ್ಲಿ ಓಡುತ್ತ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ಗಾಡಿಯವರ ಬುತ್ತಿಯ ಚೂರಿಗೆ ಹತ್ತೂರಿನ ನಾಯಿಗಳು ಸೇರುತ್ತವೆ. ಒಂದು ಸಲ ಅಲ್ಲಿಂದ ಭುಜ ಹರಿದುಕೊಂಡು ಬಂತು. ತಿಂಗಳು ಕಳೆದ ಮೇಲೆ, ದೀಪಾವಳಿಯ ಮಾರನೆಯ ದಿನ, ಜೊಲ್ಲು ಸುರಿಸುತ್ತ ಈ ತೂಬಿನ ಹತ್ತಿರ ಬಂದು ಮೊದಲು ಒಂದು ನರಿಯ ಮೇಲೆ ಬಿದ್ದು ಅದರ ಎಡಗಿವಿ ಹರಿಯಿತು. ನೀರು ನೋಡಲು ಬಂದ ಪಟೇಲರು ತಮ್ಮ ನಾಯಿಯಲ್ಲವೇ ಎಂದು ಹೆಸರು ಹಿಡಿದು ಕರೆದರು, ಓಡಿಬಂದು ಅವರ ಮೀನಖಂಡಕ್ಕೇ ಬಾಯಿ ಹಾಕಿತು. ಜೊತೆಗಿದ್ದ ಆಳುಮಗ ಗುದ್ದಲಿಯಿಂದ ಹೊಡೆದು ಕೊಂದ, ಆ ಹೊಂಗೆಮರದ ಕೆಳಗೆ ಕೊರಳಪಟ್ಟಿಯ ಸಮೇತ ಹೂಳಿದರು. ಇಲ್ಲದ ನಾಯಿ ಪಟೇಲರನ್ನು ಕಚ್ಚುವುದು ಹೇಗೆ? ನಾಯಿ ಇಲ್ಲವೆಂದು ಸರ್ಕಾರಕ್ಕೆ ಬರೆಸಿಯಾಗಿತ್ತಲ್ಲ. ಅದಕ್ಕೇ ನರಿ ಹುಟ್ಟಿಕೊಂಡಿತು. ಒಂದು ತಿಂಗಳ ಮೇಲೆ ಬೆಳ್ಳಮ್ಮನ ಕರುವನ್ನು ಕಚ್ಚಿದ್ದು ಅದೇ ಎಡಗಿವಿ ಹರಿದ ನರಿ.

ಯಾರ ಮನೆಗೂ ಹೋಗಿ ಹೇಳುವುದಿಲ್ಲ ಎಂದು ಊರದೇವತೆ ಪಟ್ಟಲಮ್ಮನ ಮೇಲೆ ಆಣೆ ಮಾಡಿದ್ದನಂತೆ ಕರಿಸಿದ್ದಯ್ಯ. ನಾನು ಯಾರ ಮನೆಗೂ ಹೋಗಲಿಲ್ಲ, ನೀನೇ ಅವರೆಬೇಳೆ ಸಾರು ತಂದೆ ಎಂದು ಬೆರಳು ನೆಕ್ಕಿದ.

ಚಿಕ್ಕಬೋರಮ್ಮನಿಗೆ ನಗು ಬರಲಿಲ್ಲ. ಹೋಗಲಿ, ಈ ಸಲ ಹಾಗಾಯಿತು, ಬೇರೆ ವರ್ಷ ನರಿಗಳಿಗೆ ತಾವಾಗೇ ಹುಚ್ಚು ಹಿಡಿದದ್ದಿಲ್ಲವೇ ಎಂದು ಕೊನೆಯ ಆಸೆಯಿಂದ ಕೇಳಿದಳು. ಕರಿಸಿದ್ದಯ್ಯ ಯೋಚಿಸಿ ಹೇಳಿದ. ಈ ಹನ್ನೆರಡು ವರ್ಷದಲ್ಲಿ ಅವನು ಮೂರು ಸಲ ಹುಚ್ಚುನರಿ ಕಂಡಿದ್ದಾನೆ. ಮೂರು ಸಲವೂ ಮುಂಚೆ ಒಂದು ಹುಚ್ಚುನಾಯಿ ಗಾಡಿದಾರಿ ಹಿಡಿದು ಬಂದಿತ್ತು. ಒಂದೆರಡು ನರಿ ಸಾಯುತ್ತಿದ್ದವು, ಅಲ್ಲಿಗೆ ತಣ್ಣಗಾಗುತ್ತಿತ್ತು, ಇನ್ನೊಂದು ನಾಯಿ ತರುವವರೆಗೆ ಸುದ್ದಿಯಿಲ್ಲ. ನಾಲೆಯಾಚೆಯ ಗುಡ್ಡದಲ್ಲಿ ಇಲ್ಲಿಗಿಂತ ಹೆಚ್ಚು ನರಿಗಳಿವೆ. ಅಲ್ಲಿ ಗಾಡಿದಾರಿಯಿಲ್ಲ, ನಾಯಿ ಹೋಗುವುದಿಲ್ಲ, ಹುಚ್ಚೂ ಇಲ್ಲ.

“ನರಿ ಮನೆಗೆ ಅದು ನೆಂಟ್ರಂಗೆ ಓಯ್ತದೆ ಅಷ್ಟೆಯ. ತವರು ಅನ್ನೋದಿದ್ರೆ ನಮ್ಮ ಬೀದೀಲೇ ಅದೆ ಬೋರಕ್ಕ.”

ಅವಳು ಖಾಲಿ ಗಡಿಗೆ ಹೊತ್ತು ಮನೆಗೆ ಬಂದಳು. ದಾರಿಯುದ್ದಕ್ಕೂ ಒಂದೇ ಮಾತು ತಲೆ ಕೊರೆಯುತ್ತಿತ್ತು. ಇದು ಗೊತ್ತಿರುವುದು ಪಟೇಲರಿಗೆ, ಅವರ ಆಳಿಗೆ, ಕರಿಸಿದ್ದಯ್ಯನಿಗೆ, ತನಗೆ. ಯಾರೂ ಬಾಯಿ ಬಿಡುವವರಲ್ಲ. ನಾಳೆ ಪಟೇಲರು ನರಿಯ ಕಥೆ ಹೇಳಲಿ, ತಾನು ಹೂಂ ಅನ್ನಲಿ, ಡಾಕ್ಟರು ಮಗುವಿನಂಥವರು, ನಂಬಿ ಬರೆಯುತ್ತಾರೆ. ಬೂದ ಉಳಿಯುತ್ತದೆ. ಬೇರೇನು ಬೇಕು?

ಮನೆಯ ಮುಂದೆ ಬೆಳ್ಳಮ್ಮನ ಮೊಮ್ಮಗಳು, ಮೂರು ವರ್ಷದ ಮಗು, ಬೂದನ ಬೆನ್ನ ಮೇಲೆ ಕೂತು ಅದರ ಎರಡು ಕಿವಿಯನ್ನೂ ಹಗ್ಗದಂತೆ ಎಳೆದುಕೊಂಡು ಹೊರಡು ಹೊರಡು ಅನ್ನುತ್ತಿತ್ತು. ಬೂದ ಸುಮ್ಮನೆ ಸಹಿಸಿಕೊಂಡು ನಾಲಗೆ ಚಾಚಿತ್ತು. ರಾಜನೂ ಪಟೇಲರ ಮನೆ ಮಕ್ಕಳ ಹತ್ತಿರ ಹೀಗೇ ಇತ್ತು. ಕಬ್ಬಿನ ಗಾಡಿಗಳು ನಾಳೆಯೂ ಹೋಗುತ್ತವೆ, ಗಾಡಿಯ ಅಡಿಯಲ್ಲಿ ನಾಯಿಗಳೂ ಓಡುತ್ತವೆ. ಚಿಕ್ಕಬೋರಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಅವಳಿಗೆ ಅಳು ಬಂತು, ಅಳುವಿನ ಹಿಂದೆಯೇ ಕೋಪ ಬಂತು, ಕೋಪವೆಲ್ಲ ತನ್ನ ಮೇಲೆಯೇ. ಅವತ್ತು ಒಂದು ಸುಳ್ಳು ಹೇಳಿ ಈ ಗತಿಗೆ ತಂದವಳು ತಾನು, ಈಗ ಇನ್ನೊಂದು ಹೇಳಿ ಈ ಕೂಸಿಗೆ ಹದಿನಾಲ್ಕು ಸೂಜಿ ತರಿಸಲೇ, ಅಥವಾ ಅದಕ್ಕಿಂತ ಕೆಟ್ಟದ್ದನ್ನು?

ಹದಿನಾಲ್ಕು ಸೂಜಿ ಅನ್ನುವುದು ತಲೆಗೆ ಬಂದಾಗಲೇ, ಡಾಕ್ಟರು ಸೈಕಲ್ಲು ಹತ್ತುವಾಗ ಹೇಳಿದ ಕೊನೆಯ ಮಾತೂ ಎಲ್ಲಿಂದಲೋ ವಾಪಸು ಬಂತು. ಮದ್ದೂರಿನ ಪೆಟ್ಟಿಗೆ. ಐವತ್ತು ನಾಯಿಗೆ ಆಗುವಷ್ಟು ಮದ್ದು. ಹಿಡಿದುಕೊಳ್ಳುವವರು ಯಾರು? ಅವಳು ಕಣ್ಣೊರೆಸಿಕೊಂಡು ಎದ್ದಳು.

ಸೋಮವಾರ ಬೆಳಿಗ್ಗೆ ಡಾಕ್ಟರು ಬಂದರು. ಹಿಂದೆ ಒಂದು ಜೋಡಿಗಾಡಿಯಲ್ಲಿ ಇಬ್ಬರು ಬಂದೂಕಿನವರು ಬಂದಿಳಿದರು. ಅರಳಿಕಟ್ಟೆಯ ಹತ್ತಿರ ಊರೆಲ್ಲ ಸೇರಿತ್ತು. ಪಟೇಲರು ಹೊಸ ಪಂಚೆಯುಟ್ಟು, ಹೇಳಬೇಕಾದ್ದನ್ನು ಬಾಯಲ್ಲೇ ಮಣಮಣ ಹೇಳಿಕೊಳ್ಳುತ್ತ ಕೂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಚಿಕ್ಕಬೋರಮ್ಮ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಕಾರ್ಖಾನೆಯಲ್ಲಿ ಕಚ್ಚಿಸಿಕೊಂಡ ರಾಜ, ಕಿವಿ ಹರಿದ ನರಿ, ಕರು, ಹನ್ನೆರಡು ವರ್ಷದ ಮೂರು ಹುಚ್ಚು, ಹುಚ್ಚಿಲ್ಲದ ಗುಡ್ಡ, ಒಂದನ್ನೂ ಬಿಡಲಿಲ್ಲ. ಕರಿಸಿದ್ದಯ್ಯ ಹೂಂ ಹೂಂ ಎಂದ. ಪಟೇಲರು ತಮ್ಮ ಮೀನಖಂಡವನ್ನು ಪಂಚೆಯಿಂದ ಮುಚ್ಚಿಕೊಂಡರು, ಅದೇ ಸಾಕ್ಷಿಯಾಯಿತು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನೀವು ಹೇಳಿದ್ದು ಸರಿಯಾಗಿದೆ, ಆದರೆ ನನ್ನ ಕೈ ಕಟ್ಟಿಹಾಕಿದಿರಿ, ಇನ್ನು ಹುಕುಂ ನಡೆಯಲೇಬೇಕು ಎಂದು ಬೇಸರದಿಂದ ಹೇಳಿದರು. ಬಂದೂಕಿನವರು ಎದ್ದರು.

“ಇರಿ ಡಾಕ್ಟ್ರೆ, ತವರು ನರೀದೇ ಆಗಿದ್ರೆ ಏನ್ಮಾಡ್ತಿದ್ರಿ?” ಎಂದಳು ಚಿಕ್ಕಬೋರಮ್ಮ. “ಕಬ್ಬಿನೊಳಗಿರೋ ನರೀನ ಕರುದ್ರೆ ಬಂದು ಸೂಜಿ ಆಕುಸ್ಕೊಂಡದಾ? ನಾಯಿ ಬತ್ತದೆ. ಎಸ್ರು ಇಡ್ದು ಕರುದ್ರೆ ಬತ್ತದೆ. ರೋಗ ನಮ್ಮನೇದೇ ಅಂದ್ಮೇಲೆ ಅದ್ನ ನಿಲ್ಸೋದೂ ನಮ್ಮ ಕೈಲೇ ಅದೆ.”

ಡಾಕ್ಟರು ಅವಳನ್ನೇ ನೋಡಿದರು. ನಿಮ್ಮ ಮಾತು ನಿಜವಮ್ಮ, ಆದರೆ ಈ ಪಟ್ಟಿಯ ಪ್ರಕಾರ ಇಲ್ಲಿ ಯಾರಿಗೂ ನಾಯಿಯೇ ಇಲ್ಲವಲ್ಲ ಎಂದು ಪಟ್ಟಿ ಬಿಚ್ಚಿದರು. ಬೂದ ನನ್ನದು, ಮೊದಲು ಸುಳ್ಳು ಹೇಳಿದವಳು ನಾನು, ಉಳಿದವರು ನನ್ನ ಬಾಯಿ ನೋಡಿ ಹೇಳಿದರು ಎಂದಳು. ಸರ್ಕಾರಕ್ಕೆ ಸುಳ್ಳು ಬರೆಸಿದೆವು ಎಂದು ಕಟ್ಟೆಯ ಮುಂದೆ ಒಪ್ಪಿಕೊಳ್ಳುವ ಧೈರ್ಯ ಯಾರಿಗಿದೆ? ಸುತ್ತ ನಿಂತ ಗಂಡಸರೆಲ್ಲ ಕಾಲ ಹೆಬ್ಬೆರಳು ನೋಡಿಕೊಂಡರು. ಅವಳಿಗೆ ಮೈ ಉರಿಯಿತು. ಇವರನ್ನು ಕೇಳಿದರೆ ಸಂಜೆಯಾದರೂ ಇಷ್ಟೇ, ಮುದ್ದೆ ಹೊತ್ತಿನ ತನಕ ಬಂದೂಕು ಗಾಡಿಯಲ್ಲೇ ಇರಲಿ, ನಮ್ಮ ಜಗಲಿ ಮೇಲೆ ಕೂತು ನೋಡಿ, ಯಾರದು ಯಾವುದು ಅಂತ ನಾಯಿಗಳೇ ಹೇಳುತ್ತವೆ ಎಂದಳು. ಡಾಕ್ಟರಿಗೆ ಕೊಲ್ಲುವ ಆತುರವೇನೂ ಇರಲಿಲ್ಲ, ಒಪ್ಪಿದರು. ಬಂದೂಕಿನವರು ಕಬ್ಬು ಸೀಳಿ ತಿನ್ನುತ್ತ ಹೊತ್ತು ಕಳೆದರು.

ಚಿಕ್ಕಾಲದೊಡ್ಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಉಣ್ಣುವ ರೂಢಿ. ಉಂಡ ಮೇಲೆ ತಪ್ಪಲೆಯ ತಳದ ಕೊನೆಯ ತುತ್ತು ನಾಯಿಯದು, ಅದನ್ನು ಮನೆಯ ಹೆಂಗಸೇ ಹೊರಗೆ ತಂದು ಕರೆದು ಹಾಕಬೇಕು. ಯಾರು ಹೇಳಿದರೂ ತಪ್ಪಿಸುವುದಿಲ್ಲ, ಸರ್ಕಾರ ಹೇಳಿದರೂ ಅಷ್ಟೇ. ಮೊದಲು ಬೆಳ್ಳಮ್ಮ ಬಾಗಿಲಿಗೆ ಬಂದು, ಡಾಕ್ಟರನ್ನು ಕಂಡು ಒಂದು ಕ್ಷಣ ನಿಂತು, ಆಮೇಲೆ ಆದದ್ದಾಗಲಿ ಅನ್ನುವಂತೆ “ಕೆಂಪೀ” ಎಂದು ಕೂಗಿದಳು. ಬೀದಿಯ ತುದಿಯಿಂದ ಕೆಂಚು ನಾಯಿಯೊಂದು ಕಿವಿ ಹಿಂದಕ್ಕಿಟ್ಟು ಓಡಿಬಂತು. ಅಲ್ಲಿಂದ ಮುಂದೆ ಬಾಗಿಲು ಬಾಗಿಲಿಗೂ ಕರೆ. ಒಬ್ಬಳು ತೂ ತೂ ಅಂದರೆ ಇನ್ನೊಬ್ಬಳು ಬಾಯಲ್ಲಿ ಚಪ್ಪರಿಸಿದಳು, ಮತ್ತೊಬ್ಬಳು ಬೈದಳು, ಅವಳ ನಾಯಿಗೆ ಬೈಗುಳವೇ ಕರೆ. ಯಾವ ನಾಯಿಯೂ ಬಾಗಿಲು ತಪ್ಪಲಿಲ್ಲ. ಶಾನುಭೋಗರ ಹೆಂಡತಿ ಎಲೆಯಲ್ಲಿ ಮೊಸರನ್ನ ತಂದು ಕರಿಯನನ್ನು ಕರೆದಾಗ ಶಾನುಭೋಗರು ಒಳಗೇ ಕೆಮ್ಮಿದರು. ಚಿಕ್ಕಬೋರಮ್ಮ ಕರೆಯಲೇ ಇಲ್ಲ, ಬೂದ ಆಗಲೇ ಅವಳ ಪಾದದ ಮೇಲೆ ಮಲಗಿತ್ತು.

ಡಾಕ್ಟರು ಪೆನ್ಸಿಲಿನಿಂದ ಬಾಗಿಲಿಗೊಂದು ಗೀಟು ಹಾಕುತ್ತ ಹೋದರು. ನಲವತ್ತೊಂದು ಗೀಟು. ರಾಜ ಸತ್ತ ಮೇಲೆ ಊರಿನಲ್ಲಿ ಉಳಿದದ್ದು ನಲವತ್ತೆರಡು. ಇನ್ನೊಂದು ಎಲ್ಲಿ?

ಅದು ಬೀದಿಯ ನಡುವೆ ನಿಂತಿತ್ತು. ಪಟ್ಟಲಮ್ಮನ ಗುಡಿಯ ಬೇವಿನಮರದಡಿ ಬಿದ್ದಿರುತ್ತಿದ್ದ ಮುದಿ ಹೆಣ್ಣುನಾಯಿ, ಒಂದು ಕಣ್ಣು ಮಂಜು, ಒಂದು ಕಾಲು ಕುಂಟು. ಯಾರೂ ಕರೆಯದಿದ್ದರೂ ಕರೆದಾರೇನೋ ಎಂದು ಪ್ರತಿ ಬಾಗಿಲ ಕಡೆಗೂ ತಲೆ ಎತ್ತಿ ನೋಡುತ್ತಿತ್ತು. ಅದು ನಿಜವಾಗಿಯೂ ಯಾರದೂ ಅಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಬಂದೂಕಿನವನೊಬ್ಬ ಕಬ್ಬಿನ ಜಲ್ಲೆ ಕೆಳಗಿಟ್ಟ. ಚಿಕ್ಕಬೋರಮ್ಮ ಅದೂ ತನ್ನದೇ ಎಂದು ಹೇಳಲು ಬಾಯಿ ತೆಗೆದಳು, ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು.

ಪಟೇಲ ಮುದ್ದಯ್ಯನವರು ಸ್ವತಃ ಕೈಯಲ್ಲಿ ಮುದ್ದೆಯ ತುತ್ತು ಹಿಡಿದು ಹೊರಗೆ ಬಂದರು. ಹುಟ್ಟಿದಾರಭ್ಯ ಅವರು ಹಾಗೆ ಬೀದಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮುದಿ ನಾಯಿಯ ಮುಂದೆ ಕಷ್ಟಪಟ್ಟು ಬಗ್ಗಿ, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ತುತ್ತು ನೆಲಕ್ಕಿಟ್ಟರು.

“ಇದು ನಂದು, ಬರ್ಕೊಳ್ಳಿ ಡಾಕ್ಟ್ರೆ,” ಎಂದರು. ಆಮೇಲೆ ದನಿ ತಗ್ಗಿಸಿ, “ನಂಗೂ ಒಂದು ನಾಯಿ ಇತ್ತು. ಇಲ್ಲ ಅಂದ್ಬುಟ್ಟಿದ್ದೆ,” ಎಂದರು.

ಹೆಸರೇನೆಂದು ಡಾಕ್ಟರು ಕೇಳಿದರು. ಪಟೇಲರು ಸ್ವಲ್ಪ ಯೋಚಿಸಿ, ರಾಣಿ ಎಂದರು. ಚಿಕ್ಕಬೋರಮ್ಮ ಮುಖ ಮರೆಸಿಕೊಳ್ಳಲು ಬೂದನನ್ನು ಸುಮ್ಮಸುಮ್ಮನೆ ಗದರಿದಳು. ಡಾಕ್ಟರು ಆ ಜಗಲಿಯ ಮೇಲೆಯೇ ದೀಪದ ಬೆಳಕಿನಲ್ಲಿ ಹುಕುಮಿನ ಹಿಂಬದಿಗೆ ಬರೆದರು: ಈ ಊರಿನಲ್ಲಿ ವಾರಸುದಾರರಿಲ್ಲದ ನಾಯಿ ಒಂದೂ ಇಲ್ಲ. ಬಂದೂಕಿನವರು ಬಂದ ಗಾಡಿಯಲ್ಲೇ ಹೋದರು.

ಮಾರನೆಯ ದಿನ ಮದ್ದೂರಿನಿಂದ ಪೆಟ್ಟಿಗೆ ಬಂತು. ಅರಳಿಕಟ್ಟೆಯ ಸುತ್ತ ಒಬ್ಬೊಬ್ಬರು ತಮ್ಮ ತಮ್ಮ ನಾಯಿಯನ್ನು ತಬ್ಬಿ ಹಿಡಿದು ಸಾಲಾಗಿ ನಿಂತರು. ಹಳೆಯ ಕಚ್ಚುಗಾಯದ ಗುರುತಿದ್ದ ಎರಡನ್ನು ಡಾಕ್ಟರು ಬೇರೆ ಕಟ್ಟಿಹಾಕಿ ಕಾಯಲು ಹೇಳಿದರು. ಗಾಡಿ ಹೊಡೆಯುವ ಕೆಂಪಯ್ಯನ ನಾಯಿ, ರಾಜನ ಜೊತೆ ಕಾರ್ಖಾನೆಗೆ ಓಡುತ್ತಿದ್ದದ್ದು, ಹತ್ತನೆಯ ದಿನ ಕಟ್ಟಿದಲ್ಲೇ ಸತ್ತಿತು. ಕೆಂಪಯ್ಯ ಎರಡು ದಿನ ಊಟ ಬಿಟ್ಟ. ಆದರೆ ಅದು ಯಾರನ್ನೂ ಕಚ್ಚಲಿಲ್ಲ. ಇನ್ನೊಂದು ಉಳಿಯಿತು.

ಸಾಲಿನಲ್ಲಿ ಕೊನೆಗೆ ನಿಂತವರು ಪಟೇಲರು. ಸೂಜಿ ಕಂಡು ರಾಣಿ ಕುಂಯ್‌ಗುಟ್ಟಿತು. ಪಟೇಲರು ಅದರ ತಲೆ ಒತ್ತಿ ಹಿಡಿದು ಕಿವಿಯಲ್ಲಿ, “ಸುಮ್ಕಿರವ್ವ, ನಿಂಗೆ ಒಂದೇಯ, ನಂಗೆ ಅದ್ನಾಕು,” ಎಂದರು. ಕಟ್ಟೆಯ ಸುತ್ತ ನಿಂತವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಪಟೇಲರೂ ನಕ್ಕು ಹೊಟ್ಟೆ ಹಿಡಿದುಕೊಂಡರು.

ಡಾಕ್ಟರು ಅಲ್ಲಿಗೆ ಬಿಡಲಿಲ್ಲ. ಗಾಡಿದಾರಿಯ ಮೇಲಿನ ಒಂದೊಂದು ಊರಿಗೂ ಮುದ್ದೆ ಹೊತ್ತಿಗೇ ಹೋದರು, ಮಂಡ್ಯದ ಹತ್ತಿರದ ಯಲಿಯೂರಿನವರೆಗೂ ಹೋದರು. ಹಗಲು ಹೋಗಿ ಯಾರನ್ನೂ ಏನೂ ಕೇಳುತ್ತಿರಲಿಲ್ಲವಂತೆ. ಆ ವರ್ಷ ಆ ದಾರಿಯಲ್ಲಿ ಹುಚ್ಚುನಾಯಿ ಬರಲಿಲ್ಲ. ಮುಂದಿನ ದಸರೆಯ ಹೊತ್ತಿಗೆ ಕರಿಸಿದ್ದಯ್ಯ ಅಟ್ಟಣೆ ಇಳಿದು ಬಂದು, ಕಬ್ಬಿನಲ್ಲಿ ನರಿಗಳು ಎಷ್ಟಿದ್ದವೋ ಅಷ್ಟೇ ಇವೆ, ಒಂದಕ್ಕೂ ಹುಚ್ಚಿಲ್ಲ, ಅವಕ್ಕೆ ಸೂಜಿ ಹಾಕಿದವರು ಯಾರು ಬೋರಕ್ಕ ಎಂದು ಕೇಳಿ, ಅವರೆಕಾಯಿಯ ಕಾಲ ಯಾವಾಗ ಬರುತ್ತದೆ ಎಂದೂ ವಿಚಾರಿಸಿ ಹೋದ.

ಅದೇ ವಾರ ಶಾನುಭೋಗರು ಮತ್ತೆ ಪಟ್ಟಿ ಹಿಡಿದು ಬಂದು ಮೊದಲನೆಯ ಮನೆಯ ಜಗಲಿಯ ಮೇಲೆ ಕೂತರು. ಈ ಸಲ ರಾಗಿಯ ಪಟ್ಟಿ. ಕಣಜದಲ್ಲಿ ಎಷ್ಟು ಪಲ್ಲ ಇದೆ ಎಂದು ಅವರು ಕೇಳಿ ಮುಗಿಸುವ ಮೊದಲೇ ಚಿಕ್ಕಬೋರಮ್ಮ ಬೂದನನ್ನು ಎಳೆದು ತಂದು ಅವರ ಮುಂದೆ ಕೂರಿಸಿದಳು.

“ಮೊದ್ಲು ಇದನ್ನ ಬರ್ಕೊಳಿ ಸ್ವಾಮಿ,” ಎಂದಳು. “ರಾಗಿ ಇಸ್ಯ ಆಮೇಕೆ ಮಾತಾಡಾನ.”